ಬಾವಿ ಪಟ್ಟಿಯ ಕೆಂಪು ವೈನು

ಇವತ್ತು ಬೆಳಿಗ್ಗೆ ಹೊಸ ಮಾಲಿನ ಒಂದು ಬಾಟಲಿಯ ಬಿರಡೆ ತೆಗೆದೆ. ಕುಡಿಯಲಿಕ್ಕಲ್ಲ, ಹೇಗೆ ಕೂತಿದೆ ನೋಡಲಿಕ್ಕೆ. ಗ್ಲಾಸನ್ನು ಪಡಸಾಲೆಯ ಬಿಸಿಲಿಗೆ ಹಿಡಿದು ತಿರುವಿದರೆ ಅಂಚಿನಲ್ಲಿ ತೆಳ್ಳಗೆ ನೇರಳೆಯಂಥ ಜಾಂಬಳಿ ಬಣ್ಣ. ಮೂಗಿಗೆ ಹಿಡಿದರೆ ಅದೇ ಗುರುತಿನ ವಾಸನೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಬಳ್ಳಿ ಸವರುವುದು, ಔಷಧ ಹೊಡೆಯುವುದು, ಕೆಟ್ಟ ಪಂಪು ಬಿಚ್ಚಿ ಕೂಡಿಸುವುದು ಎಲ್ಲ ಬರುತ್ತದೆ. ವಾಸನೆಗೆ ಮಾತು ಹಚ್ಚುವುದು ಮಾತ್ರ ತಡವಾಗಿ, ಒಂದು ಮಧ್ಯಾಹ್ನದ ಫಜೀತಿಯಿಂದ ಬಂತು. ಕೂಡಿರಿ, ಹೇಳುತ್ತೇನೆ.

ಜಮಖಂಡಿಯ ಈಚೆಗಿದೆ ನಮ್ಮ ತೋಟ. ಸುತ್ತಲೂ ಕಬ್ಬು, ನಡುವೆ ನಮ್ಮ ದ್ರಾಕ್ಷಿ. ಬಾವಿಯ ಮಗ್ಗುಲಿನ ಹೊಲದ ಪಟ್ಟಿಯಲ್ಲಿ ಬಳ್ಳಿಗಳನ್ನು ನನ್ನ ಅಣ್ಣ ತಾನೇ ಕುಣಿ ತೋಡಿ ಹಚ್ಚಿದ್ದ. ಮೊದಲೆಲ್ಲ ಹಣ್ಣನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ ಮಾಡಿ, ಡಬ್ಬಿಯ ಮೇಲೆ ಅಪ್ಪನ ಹೆಸರು ಹಾಕಿ ಪೇಟೆಗೆ ಕಳಿಸುತ್ತಿದ್ದೆವು. ಆಮೇಲೆ ಅದೇ ಬೇರಿನ ಮೇಲೆ ನಾನು ವೈನಿನ ತಳಿ ಕಸಿ ಕಟ್ಟಿಸಿದೆ. ಕೊರಳಲ್ಲಿ ಲಿಂಗವಿರುವ ಅಣ್ಣ ತಡೆಯಲಿಲ್ಲ, ಒಂದೇ ಮಾತು ಹೇಳಿದ.

"ಬೆಳಿ, ಮಾರು. ನಿನ್ನ ಕೈ ಹಿಡಿಯಂಗಿಲ್ಲ. ಆದ್ರ ಅಪ್ಪನ ಹೆಸರು ಬಾಟ್ಲಿ ಮ್ಯಾಲ ಬರಬಾರದು ನೋಡ, ತಮ್ಮಾ."

ಹೂಂ ಅಂದೆ. ಒಳಗೆ ಮಾತ್ರ ಕುದಿಯುತ್ತಿತ್ತು. ನಮ್ಮ ಬೆವರಿನ ಮಾಲು ಹೇಳಹೆಸರಿಲ್ಲದೆ ಹೋಗುವುದೇ?

ಹಣ್ಣು ಹಿಂಡಿ ವೈನು ಮಾಡಿಕೊಡುವ ಕಾರ್ಖಾನೆಯವರು ಒಂದು ದಿನ ಫೋನ್ ಮಾಡಿದರು. ಲೇಬಲ್ಲಿಗೆ ರುಚಿಯ ಬಗ್ಗೆ ಎರಡು ಮಾತು ಬರೆದುಕೊಡಬೇಕಂತೆ. ನಮೂನೆಗೆಂದು ಬೇರೆಯವರ ಬಾಟಲಿ ಓದಿದೆ. ಚೆರ್ರಿ ಹಣ್ಣಂತೆ, ಚರ್ಮದ ವಾಸನೆಯಂತೆ. ಚೆರ್ರಿಯನ್ನು ನಾನು ಬೇಕರಿಯ ಕೇಕಿನ ಮೇಲೆ ಬಿಟ್ಟರೆ ಎಲ್ಲಿಯೂ ಕಂಡಿಲ್ಲ. ಚರ್ಮವೆಂದರೆ ನನ್ನ ಕಾಲಿನ ಮೆಟ್ಟು. ಅದರ ವಾಸನೆ ಬರುತ್ತದೆಂದು ಬರೆದರೆ ಯಾರು ಕೊಳ್ಳುತ್ತಾರೆ?

ಅವತ್ತು ಬನಹಟ್ಟಿಯಿಂದ ನನ್ನ ಹೆಂಡತಿಯ ತಮ್ಮ ಮಲ್ಲು ಬಂದಿದ್ದ. ಪವರ್‌ಲೂಮ್ ಇಟ್ಟು ಸೀರೆ ನೇಯಿಸುವವನು, ಮಾತಿಗೆ ಬಡತನವಿಲ್ಲ. ರೊಟ್ಟಿ, ಎಣ್ಣೆಗಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಅಗಸಿ ಹಿಂಡಿ ಉಂಡ ಮೇಲೆ ಅವನ ಕೈಗೆ ಗ್ಲಾಸು ಕೊಟ್ಟೆ. ಗಂಭೀರವಾಗಿ ಗುಟುಕರಿಸಿದ.

"ಮಾಮಾ, ಇದರಾಗ ಬಳ್ಳೊಳ್ಳಿ ವಾಸನಿ ಐತ್ರಿ."

"ಬಳ್ಳೊಳ್ಳಿ ನಿನ್ನ ಬಾಯಾಗ ಐತಿಲೇ! ಮೊದಲ ಬಾಯಿ ತೊಳಕೊಂಡ ಬಾ."

ತೊಳೆದುಕೊಂಡು ಬಂದು ಮತ್ತೆ ಕುಡಿದ. "ಛಲೋ ಐತ್ರಿ. ಮೈಯೆಲ್ಲಾ ರೇಶ್ಮಿ, ಸೆರಗಿಗೆ ಬಂದಾಗ ಒಂಚೂರು ಒರಟು."

"ಸೀರಿ ಮಾರಾಕತ್ತಿಯೇನು?"

ಕಟ್ಟೆಯ ಮೇಲೆ ಕೂತಿದ್ದ ಅಣ್ಣ ನಕ್ಕುಬಿಟ್ಟ. "ತಾ ಇಲ್ಲಿ. ಕುಡ್ಯಾಂಗಿಲ್ಲ ಮತ್ತ, ಬರೇ ಮೂಸಿ ನೋಡ್ತೇನಿ."

ಹೆಸರಿನ ಮಾತಾದ ದಿನದಿಂದ ಅವನು ವೈನಿನ ಕಡೆ ಮುಖ ಹಾಕಿದವನಲ್ಲ. ಈಗ ಗ್ಲಾಸಿಗೆ ಮೂಗು ಹಚ್ಚಿದವನು ತೆಗೆಯಲೊಲ್ಲ.

"ನೇರಲ ಹಣ್ಣು ತಿಂದ್ರ ನಾಲಿಗಿ ಬಿಗೀತೈತಲ್ಲ, ಆ ವಗರಿನ ವಾಸನಿ ಐತಿ," ಅಂದ. "ಗಾಣದ ಮನ್ಯಾಗ ಬೆಲ್ಲದ ಪಾಕ ಇಳಿಸುಮುಂದ ಬರೋ ಹೊಗಿ ಐತಿ. ಹಿಂದಿಂದ ನಮ್ಮ ಮಣೂಕದ ಶೆಡ್ಡು... ಖರೆ ಹೇಳ, ಇದು ಬಾವಿ ಪಟ್ಟೀದ ಹೌದಿಲ್ಲೋ?"

"ಹೌದಣ್ಣಾ. ನೀ ಹಚ್ಚಿದ ಬೇರು."

ಅವನು ಇನ್ನೊಮ್ಮೆ ಮೂಸಿದ. ನಾನು ಅವನ ಮಾತನ್ನೇ, ಒಂದಕ್ಷರ ಬಿಡದೆ, ಬರೆದುಕೊಂಡೆ. ಜೀವನದಲ್ಲಿ ಅಷ್ಟು ದುಂಡಗೆ ನಾನೆಂದೂ ಬರೆದಿರಲಿಲ್ಲ. ನಮ್ಮ ಮಾಸ್ತರರು ನೋಡಿದ್ದರೆ ನಂಬುತ್ತಿರಲಿಲ್ಲ.

"ಇದರ ಕೆಳಗ ಯಾರ ಹೆಸರು ಬರತೈತಿ?" ಅಣ್ಣ ಕೇಳಿದ.

"ಯಾರದೂ ಇಲ್ಲ. ನೀನ ಬ್ಯಾಡಂದಿದ್ಯಲ್ಲಾ."

ಗ್ಲಾಸು ಕೆಳಗಿಟ್ಟ. "ಹೆಸರಿಲ್ಲದ ಮಾಲು ನಮ್ಮ ಮನಿಯಿಂದ ಯಾವತ್ತಾರ ಪ್ಯಾಟಿಗೆ ಹೋಗೇತೇನು? ಅದೂ ಈ ಪಟ್ಟೀದು! ಬರಿ, ಅಪ್ಪನ ಹೆಸರ ಬರಿ."

"ಹಂಗಾರ ಅಣ್ಣಾರ, ನೀವೂ ಒಂದ ಗುಟುಕು?" ಮಲ್ಲು ಬಾಯಿ ಹಾಕಿದ.

"ಸುಮ್ನ ಕುಂದರಲೇ!"

ಈಗ ತೋಟಕ್ಕೆ ಬಂದವರು ರುಚಿ ಕೇಳಿದರೆ ನಾನು ತಡವರಿಸುವುದಿಲ್ಲ. ನೇರಲ, ಬೆಲ್ಲ, ಮಣೂಕ ಎಂದು ಎದೆ ಮುಂದೆ ಮಾಡಿ ಹೇಳುತ್ತೇನೆ. ಹೊರಗಿನವರು ಬೇಕಾದರೆ ಅದನ್ನು ತಮ್ಮ ಚೆರ್ರಿಗೆ ಹೋಲಿಸಿಕೊಳ್ಳಲಿ. ಅಣ್ಣ ಇಂದಿಗೂ ಹನಿ ಮುಟ್ಟಿಲ್ಲ. ಇವತ್ತು ಬೆಳಿಗ್ಗೆಯೂ ನನ್ನ ಕೈಯಿಂದ ಗ್ಲಾಸು ಇಸಿದುಕೊಂಡು ಮೂಸಿ, ತಲೆಯಾಡಿಸಿ, ಹಿಂದಕ್ಕೆ ಕೊಟ್ಟ. ಆಮೇಲೆ ಬಾಟಲಿಯನ್ನು ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ತೋಳುದ್ದ ದೂರ ಹಿಡಿದು ನೋಡಿದ.

"ಅಪ್ಪನ ಹೆಸರು ಇನ್ನೊಂಚೂರು ದಪ್ಪ ಹಾಕಸಬೇಕಾಗಿತ್ತೋ ತಮ್ಮಾ. ದೂರಿಂದ ಕಾಣವಲ್ದು."