ಬಿಸಿಲಿಗಿಟ್ಟ ಕೀಗಳು

ಹಲ್ಲಿಗೆ ಹಾಕಿಸಿಕೊಂಡಿದ್ದ ಕ್ಯಾಪಿಗೆ ಇನ್ನೊಂದು ಕ್ಯಾಪು ತಾಗಿ ಕಟಕ್ ಎಂದಾಗಲೇ ನನಗೆ ಗೊತ್ತಾದದ್ದು, ಬಾಯಲ್ಲಿರುವುದು ಸಂಡಿಗೆ ಅಲ್ಲ ಎಂದು.

ಆಲ್ದೂರಿನ ಓಂಕಾರಮೂರ್ತಿಯ ಹೆಂಡತಿ ಸರ್ವಮಂಗಳಾ ತೀರಿಕೊಂಡು ತಿಂಗಳಾಗಿತ್ತು. ಮಣ್ಣಿಗೆ ಹೋಗಲು ಆಗಿರಲಿಲ್ಲ, ಮಾತಾಡಿಸಿಕೊಂಡಾದರೂ ಬರೋಣವೆಂದು ಹೋಗಿದ್ದೆ. ಫೆಬ್ರವರಿಯ ಒಳ್ಳೆಯ ಬಿಸಿಲು. ಮನೆಯ ಮುಂದಿನ ಕಣದಲ್ಲಿ ಅವನ ಒಂದೆಕರೆ ತೋಟದ ಕಾಫಿ ಹರಡಿತ್ತು. ಅದರ ಪಕ್ಕದಲ್ಲೇ ಒಂದು ಮೊರ. ಮೊರದಲ್ಲಿ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಕವುಚಿ ಹಾಕಿದ ಕೆನೆಬಣ್ಣದ ಪುಟ್ಟ ಪುಟ್ಟ ಚೌಕಗಳು. ಅರೆ ಒಣಗಿದ ಸಂಡಿಗೆ ಕದ್ದು ತಿನ್ನುವುದು ನನ್ನ ಬಾಲ್ಯದ ಚಟ. ಕಾನ್ವೆಂಟಿನ ಸಿಸ್ಟರುಗಳು ‘ಕದಿಯಬೇಡ’ ಎಂಬ ಆಜ್ಞೆಯನ್ನು ಬೆತ್ತದ ಸಮೇತ ಕಲಿಸಿದ್ದರು, ನಿಜ. ಆದರೆ ಅದು ಸಂಡಿಗೆಗೂ ಅನ್ವಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಸಾವಾದ ಮನೆಯಲ್ಲಿ ಯಾರು ಸಂಡಿಗೆ ಹಾಕುತ್ತಾರೆ ಎಂಬುದು ನನ್ನ ಐವತ್ತೈದರ ತಲೆಗೆ ತಾನಾಗಿಯೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದ ಓಂಕಾರನ ಅಕ್ಕ ಸರೋಜಮ್ಮ ಕೂಗಿಯೇ ಬಿಟ್ಟರು.

“ಅಯ್ಯೋ ಶಿವನೇ! ಉಗೀರಿ, ಉಗೀರಿ! ಅದು ನಮ್ ಮಂಗಳನ ಕೀಬೋರ್ಡಿಂದು!”

ಅಂಗೈಗೆ ಉಗಿದೆ. ಎಂಜಲಲ್ಲಿ ಮಿಂದು ಕೂತಿದ್ದದ್ದು ಎಸ್ಕೇಪ್ ಕೀ. ತಪ್ಪಿಸಿಕೊಳ್ಳುವ ಕೀಯೇ ಸಿಕ್ಕಿಬಿದ್ದ ಮೇಲೆ ನಾನು ತಪ್ಪಿಸಿಕೊಳ್ಳುವುದೆಲ್ಲಿ? ಒಳಗಿನಿಂದ ಬಂದ ಓಂಕಾರ ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಪಂಚೆಗೆ ಒರೆಸಿದ. ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ಸವರಿ ನೋಡಿದ.

“ಏನಾಗಿಲ್ಲ ಬಿಡು ಮಾರಾಯ. ಎಸ್ಕೇಪ್ ತಾನೆ? ಅದನ್ನ ಅವಳು ಒತ್ತಿದ್ದೇ ಇಲ್ಲ.”

ನಾನು ಕಾಫಿ ಲೋಟದೊಳಗೆ ಮುಖ ಇಟ್ಟೆ.

ಓಂಕಾರ ನನ್ನ ಕಾನ್ವೆಂಟಿನ ಬೆಂಚಿನವನು. ಓದು ತಲೆಗೆ ಹತ್ತದೆ ಅಪ್ಪನ ಅಂಗಡಿ ಹತ್ತಿದ. ಆಲ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಗೋಣಿಚೀಲ, ತಾಡಪಾಲು, ಹಗ್ಗ ಮಾರುವ ಅಂಗಡಿ ಅದು. ಸರ್ವಮಂಗಳಾ ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಟೈಪಿಸ್ಟ್. ಬೆಳೆಗಾರರು ಕಳಿಸುವ ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಬಂದ ಮೇಲೂ ಅವಳ ಬೆರಳುಗಳು ಆಫೀಸಿನಿಂದ ಬರುತ್ತಿರಲಿಲ್ಲ. ಟೀವಿ ನೋಡುವಾಗ ತೊಡೆಯ ಮೇಲೆ, ಮಾತಾಡುವಾಗ ಚಾಪೆಯ ಮೇಲೆ ಟೈಪು ನಡೆದೇ ಇರುತ್ತಿತ್ತು.

“ಏನೇ ಅದು, ಯಾವಾಗ್ಲೂ ಟೈಪ್ ಮಾಡದು?” ಎಂದು ಓಂಕಾರ ಕೇಳಿದರೆ, “ನಿಮ್ಮೇಲೆ ಕಂಪ್ಲೇಂಟು ಕಣ್ರೀ” ಎನ್ನುತ್ತಿದ್ದಳು.

ಅವನಿಗೆ ಅವಳು ಬರೆದ ಕಾಗದ ಅಂತ ಜೀವಮಾನದಲ್ಲಿ ಬಂದದ್ದು ಒಂದೇ. ಒಂದು ವರ್ಷ ಇವನೂ ತನ್ನ ನಾಲ್ಕು ಮೂಟೆ ಕಾಫಿಯನ್ನು ಅವಳ ಆಫೀಸಿಗೇ ಕಳಿಸಿದ್ದ. ಒಣಗಿದೆಯೋ ಇಲ್ಲವೋ ಎಂದು ನಮ್ಮ ಕಡೆ ಬೀಜವನ್ನು ಹಲ್ಲಲ್ಲಿ ಕಚ್ಚಿ ನೋಡುತ್ತಾರೆ. ಇವನೂ ಕಚ್ಚಿ, ಟಕ್ ಎಂದಿತೆಂದು ಚೀಲ ಹೊಲಿದಿದ್ದ. ವಾರದ ಮೇಲೆ ಅಂಚೆಯಲ್ಲಿ ಇಂಗ್ಲಿಷ್ ಕಾಗದ ಬಂತು: ನಿಮ್ಮ ಕಾಫಿಯಲ್ಲಿ ತೇವ ಹೆಚ್ಚಾಗಿದೆ, ಮತ್ತೆ ಒಣಗಿಸಿ ಕಳಿಸತಕ್ಕದ್ದು. ಮೂಲೆಯಲ್ಲಿ, ಟೈಪು ಮಾಡಿದವರ ಗುರುತಿಗೆ, ಅವಳ ಇನಿಷಿಯಲ್ಲು. ಇವನು ರೇಗಿದ.

“ಪಕ್ಕದಲ್ಲೇ ಮಲಗ್ತೀಯಲ್ಲೇ ಮಾರಾಯ್ತಿ, ಬಾಯಲ್ಲಿ ಹೇಳಕ್ಕಾಗ್ತಿರ್ಲಿಲ್ವಾ?”

“ಆಫೀಸ್ ವಿಷ್ಯ ಮನೇಲಿ ಮಾತಾಡಬಾರದು ರೀ.”

ಆ ಕಥೆಯನ್ನು ಅವನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ನಗಿಸಿದ್ದಾನೆ. ನಗುವವರ ನಡುವೆ ಅವಳೂ ಕೂತು ಎಲೆಯ ಅಂಚಿನ ಮೇಲೆ ಟೈಪು ಮಾಡುತ್ತಿದ್ದಳು.

ಎರಡು ವರ್ಷದ ಹಿಂದೆ ಅವಳಿಗೆ ಸ್ಟ್ರೋಕ್ ಆಯಿತು. ಬಲಗಾಲು ಬಿತ್ತು, ಮಾತು ಪೂರ್ತಿ ಹೋಯಿತು. ಪೆನ್ನು ಕೊಟ್ಟರೆ ಬೀಳಿಸುತ್ತಿದ್ದಳು. ಬೆರಳುಗಳು ಮಾತ್ರ ಹೊದಿಕೆಯ ಮೇಲೆ ಆಡುತ್ತಲೇ ಇದ್ದವು. ಓಂಕಾರ ಮಂಚದ ಪಕ್ಕ ಕೂತು ನೋಡುತ್ತಿದ್ದ.

“ಏನೋ ಹೇಳ್ತಾ ಇದಾಳೆ ಕಣೋ,” ಎಂದು ನನಗೆ ಫೋನಿನಲ್ಲಿ ಹೇಳಿದ್ದ. “ಕಂಪ್ಲೇಂಟೇ ಇರ್ಲಿ. ಅದೇನು ಅಂತ ನಾನು ಓದ್ಬೇಕು.”

ಕಂಪ್ಯೂಟರ್ ಅಂಗಡಿಯಿಂದ ಹೊಸ ಕೀಬೋರ್ಡು ತಂದು ಅವಳ ತೊಡೆಯ ಮೇಲಿಟ್ಟ. ಕಾಗದದಷ್ಟು ತೆಳ್ಳಗಿನದು. ಅವಳ ಬೆರಳು ಅದರ ಮೇಲೆ ಒಂದು ಗಳಿಗೆ ನಿಂತವು. ಆಮೇಲೆ, ಉಪ್ಪಿಲ್ಲದ ಸಾರಿನ ತಟ್ಟೆ ತಳ್ಳುವ ಹಾಗೆ ತಳ್ಳಿಬಿಟ್ಟಳು. ಅವಳ ಕೈಗೆ ಬೇಕಾದದ್ದು ಹಳೆಯ ದಪ್ಪ ಕೀ ಎಂದು ಇವನಿಗೆ ಆಗ ಅರ್ಥವಾಯಿತು. ಕ್ಯೂರಿಂಗ್ ವರ್ಕ್ಸಿನವರೋ ಹಳೆಯ ಸಾಮಾನನ್ನೆಲ್ಲ ಎಂದೋ ಗುಜರಿಗೆ ಹಾಕಿದ್ದರು.

ಹುಡುಕಾಟ ಶುರುವಾದದ್ದು ಹಾಗೆ. ಮೂಡಿಗೆರೆಯ ಎಸ್ಟೇಟ್ ಆಫೀಸುಗಳ ಅಟ್ಟ, ಕಳಸದ ಮುಚ್ಚಿಹೋದ ಡಿಟಿಪಿ ಅಂಗಡಿ, ಸೊಸೈಟಿಗಳ ಹಿಂದಿನ ಕೋಣೆ, ಒಂದನ್ನೂ ಬಿಡಲಿಲ್ಲ. ಸಿಕ್ಕ ಪ್ರತಿಯೊಂದನ್ನೂ ಮನೆಗೆ ತಂದು, ಅವಳ ಹೇರ್‌ಪಿನ್ನನ್ನೇ ಬಗ್ಗಿಸಿ ಒಂದೊಂದು ಕೀಯ ತೊಪ್ಪಿ ಎಬ್ಬಿಸಿ, ಅಂಟುವಾಳದ ನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಕೂರಿಸಿ ಅವಳ ಮುಂದಿಡುತ್ತಿದ್ದ. ಅವಳು ಒಂದು ಸಾಲು ಕುಟ್ಟಿ ಕೈ ತೆಗೆಯುತ್ತಿದ್ದಳು. ಅವಳು ಒಲ್ಲೆನೆಂದವು ಗೋಣಿ ಅಂಗಡಿಯ ಗೋಡೆಗೆ ಹೋದವು. ವಯರಿನಿಂದ ಸಾಲಾಗಿ ಜೋತುಬಿದ್ದ ಅವನ್ನು ನೋಡಿದವರಿಗೆ, ಶುದ್ಧ ಸಸ್ಯಾಹಾರಿಯೊಬ್ಬ ಒಣಮೀನಿನ ವ್ಯಾಪಾರಕ್ಕೆ ಇಳಿದ ಹಾಗೆ ಕಾಣುತ್ತಿತ್ತು. ಊರು ಅವನನ್ನು ‘ಕೀಬೋರ್ಡ್ ಓಂಕಾರಣ್ಣ’ ಎಂದು ಕರೆಯತೊಡಗಿತು. ಹೆಂಡತಿಯ ಕಾಯಿಲೆ ಮರೆಯಲು ಹುಚ್ಚು ಹಚ್ಚಿಕೊಂಡಿದ್ದಾನೆ ಎಂದರು. ಬರೀ ಹುಚ್ಚಾಗಿದ್ದರೆ ಚೆನ್ನಾಗಿತ್ತು.

ಆದರೆ ತೊಳೆಯುತ್ತ ತೊಳೆಯುತ್ತ ಅವನಿಗೆ ಆ ತೊಪ್ಪಿಗಳ ಮೇಲೆ ನಿಜಕ್ಕೂ ಮೋಹ ಬಂದಿತ್ತು. ಒಮ್ಮೆ ನನ್ನ ಕೈಯಲ್ಲಿ ಒಂದನ್ನಿಟ್ಟು, “ತಿರುಗಿಸಿ ನೋಡು,” ಎಂದ. “ಇದರಲ್ಲಿ ಅಕ್ಷರ ಮೇಲೆ ಬರ್ದಿದ್ದಲ್ಲ. ಬೇರೆ ಬಣ್ಣದ ಪ್ಲಾಸ್ಟಿಕ್ಕು ಕೆಳಗಿಂದ ಮೇಲೆವರ್ಗೂ ಹೋಗಿದೆ. ನೂರು ವರ್ಷ ಕುಟ್ಟಿದ್ರೂ ಅಳಿಸಲ್ಲ. ಈಗಿನವು ಎರಡು ಮಳೆಗಾಲಕ್ಕೆ ಬೋಳು.” ಬೆರಳಿನ ತುದಿ ಕೂರಲೆಂದೇ ನಡುವೆ ತಗ್ಗು ಮಾಡಿದ ಕೀಗಳು, ಸಾಲಿನಿಂದ ಸಾಲಿಗೆ ಬೇರೆಯಾಗುವ ಅವುಗಳ ಓರೆ, ಕತ್ತಲಲ್ಲೂ ಬೆರಳಿಗೆ ಮನೆ ತೋರಿಸುವ ಎರಡು ಪುಟ್ಟ ಉಬ್ಬು, ಎಲ್ಲವನ್ನೂ ತೋರಿಸಿದ. ಕಣ್ಣು ಮುಚ್ಚಿಸಿ ಸವರಿಸಿದ. ಇಪ್ಪತ್ತೈದು ವರ್ಷ ಹೆಂಡತಿಯ ಬೆರಳು ಕೂತದ್ದೆಲ್ಲಿ ಎಂದು ಅವನು ಆಗ ಕಲಿಯುತ್ತಿದ್ದ.

ಕಳೆದ ಡಿಸೆಂಬರಿನಲ್ಲಿ, ಚಿಕ್ಕಮಗಳೂರಿನ ಗುಜರಿಯೊಂದರ ರಾಶಿಯಡಿಯಲ್ಲಿ ಅದು ಸಿಕ್ಕಿತು. ಗುರುತು ಹಿಡಿದದ್ದು ವಿಭೂತಿಯಿಂದ. ಆಯುಧಪೂಜೆಗೆ ಆಫೀಸಿನವರೆಲ್ಲ ಕಂಪ್ಯೂಟರಿಗೆ ಕುಂಕುಮದ ಬೊಟ್ಟಿಟ್ಟರೆ, ಇವಳೊಬ್ಬಳು ಸ್ಪೇಸ್ ಬಾರಿನ ಮೇಲೆ ಮೂರು ಗೆರೆ ವಿಭೂತಿ ಎಳೆಯುತ್ತಿದ್ದಳು. ಆ ಬೂದಿ ವರ್ಷ ವರ್ಷ ಇಳಿದು ಸಂದಿಯಲ್ಲಿ ಗಟ್ಟಿಯಾಗಿತ್ತು. ಸ್ಪೇಸ್ ಬಾರಿನ ಬಲಭಾಗದಲ್ಲಿ ಹೆಬ್ಬೆಟ್ಟಿನಗಲ ಸವೆದು, ಅರೆಯುವ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಇದೊಂದನ್ನು ಅವನು ತೊಳೆಯಲಿಲ್ಲ.

ಹಳೆಯ ಕೀಬೋರ್ಡಿನ ಪಿನ್ನು ಗುಂಡಗೆ, ಈಗಿನ ಕಂಪ್ಯೂಟರಿನ ತೂತು ಚಪ್ಪಟೆ. ರಿಪೇರಿಯ ಬಸವಪ್ರಸಾದ್ ಹುಡುಕಾಡಿ ಒಂದು ಜೋಡಣೆ ತರಿಸುವ ಹೊತ್ತಿಗೆ ಸಂಕ್ರಾಂತಿ ಬಂತು. ಅಷ್ಟರಲ್ಲಿ ಅವಳಿಗೆ ಎರಡನೇ ಸಲ ಸ್ಟ್ರೋಕ್ ಆಗಿತ್ತು, ಬೆರಳೂ ನಿಧಾನವಾಗಿತ್ತು.

ಇಷ್ಟು ನನಗೆ ಮೊದಲೇ ತಿಳಿದಿದ್ದದ್ದು. ಮುಂದಿನದನ್ನು ಆವತ್ತು ಕಣದಲ್ಲಿ ಹೇಳಿದ್ದು ಸರೋಜಮ್ಮ.

“ದಿಂಬಿಗೆ ಒರಗಿಸಿ ಕೂರಿಸಿದ್ವಿ. ಮುಟ್ಟಿದ ತಕ್ಷಣ ಗೊತ್ತಾಗೋಯ್ತು ಅವಳಿಗೆ. ಮುಖ ನೋಡ್ಬೇಕಿತ್ತು ನೀವು! ಬಸ್ಸಿಗೆ ಹೊತ್ತಾಯ್ತು ಅನ್ನೋ ಥರ ಬೆನ್ನು ನೆಟ್ಟಗೆ ಮಾಡಿದ್ಲು. ಟಕ ಟಕ ಟಕ ಅಂತ ಹೊಡದ್ಲು. ಕೊನೇಲಿ ದೊಡ್ಡ ಕೀ ಒಂದ್ಸಲ ಜೋರಾಗಿ ಒತ್ತಿ ಕೈ ಮಡಚಿಕೊಂಡ್ಲು. ಅದೇ ಕೊನೆ. ಆಮೇಲೆ ಬೆರಳೇ ಆಡಿಸ್ಲಿಲ್ಲ. ಮೂರನೇ ದಿನ ಹೋಗ್ಬಿಟ್ಲು.”

“ಏನು ಹೊಡೆದಿದ್ರು?”

“ನಂಗೆಲ್ಲಿ ಇಂಗ್ಲಿಷು? ಇವ್ನು ಓದ್ದ. ಹೇಳು ಅಂದ್ರೆ ಹೇಳಲ್ಲ. ದಿನಾ ಇವನ್ನ ಕಿತ್ತು ಬಿಸಿಲಿಗೆ ಹಾಕೋದು, ಸಂಜೆ ಒಳಗೆ ತರೋದು. ತೊಳೆದಿಲ್ಲ, ಏನಿಲ್ಲ, ಒಣಗಿಸೋಕೆ ಏನಿದೆ ಇದ್ರಲ್ಲಿ? ನೀವಾದ್ರೂ ಬುದ್ಧಿ ಹೇಳಿ.” ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವರು ಒಳಗೆ ಹೋದರು.

ಓಂಕಾರ ಮೊರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಕಾಫಿಯನ್ನು ಮಗುಚುವ ಹಾಗೆ, ಅಂಗೈಯಿಂದ ಕೀಗಳನ್ನು ಮೆಲ್ಲಗೆ ಮಗುಚುತ್ತಿದ್ದ. ಅಕ್ಷರಗಳು ಒಮ್ಮೆ ಮೇಲೆ, ಒಮ್ಮೆ ಅಡಿಗೆ. ಈ ಹೊತ್ತಿಗೆ ಹೇಳಬಹುದಾದ ತಮಾಷೆಗಳು ನನಗೆ ಎರಡು ಮೂರು ಹೊಳೆದವು, ಎಲ್ಲವನ್ನೂ ಕಾಫಿಯ ಜೊತೆ ನುಂಗಿದೆ. ಕೇಳಬಾರದಿತ್ತೇನೋ. ಕೇಳಿದೆ.

“ಓಂಕಾರಾ, ನಿನ್ನ ಹೆಸರು ಬರೆದಿದ್ಲೇನೋ?”

ಅವನು ತಲೆಯೆತ್ತಲಿಲ್ಲ. ನಾನು ಕಚ್ಚಿದ ಎಸ್ಕೇಪನ್ನು ಹುಡುಕಿ, ನೆರಳಿನಿಂದ ಬಿಸಿಲಿಗೆ ಸರಿಸಿದ.

“ಇಲ್ಲ ಮಾರಾಯ. ‘ಕಾಫಿಯಲ್ಲಿ ತೇವ ಜಾಸ್ತಿ ಇದೆ, ಮತ್ತೆ ಒಣಗಿಸಿ ಕಳಿಸಿ’ ಅಂತ. ಅಷ್ಟೇ… ನೀನು ಕಚ್ಚಿದ್ಯಲ್ಲ, ಒಣಗಿತ್ತಾ?”