ಎರಡು ದಿನದ ಮಜ್ಜಿಗೆ

ಹಿಂದೂಪುರದ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ಒಳಗಿನ ಫೋಟೋ ತೆಗೆಯೋದು ನನ್ನ ಕೆಲಸ. ಶುಗರ್ ಇರುವವರಿಗೆಂದು ಕಲ್ಯಾಣದುರ್ಗದಲ್ಲಿ ಕ್ಯಾಂಪ್ ಹಾಕಿದ್ದೆವು. ಕಡಲೆಕಾಯಿ ವ್ಯಾಪಾರದ ರುದ್ರಪ್ಪನವರು ನಗುನಗುತ್ತಾ ಬಂದು ಕ್ಯಾಮೆರಾ ಮುಂದೆ ಕೂತರು. ಆಗಷ್ಟೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅವರ ಶುಗರ್ ನಾರ್ಮಲ್ ಬಂದಿತ್ತು.

“ಎರಡು ದಿನದಿಂದ ಬರೀ ಮಜ್ಜಿಗೆ ಕಣಮ್ಮ. ಟೆಸ್ಟ್ ಅಂದ್ರೆ ನಾನು ಯಾವಾಗ್ಲೂ ಹಿಂಗೇ ರೆಡಿಯಾಗಿ ಬತ್ತೀನಿ” ಅಂದರು.

ಫೋಟೋ ತೆಗೆದೆ. ಎರಡೂ ಕಣ್ಣಿನ ಒಳಪರದೆಯ ಮೇಲೆ ರಕ್ತ ಒಸರಿದ ಕೆಂಪು ಚುಕ್ಕೆಗಳು. ಸ್ಕ್ರೀನಿನಲ್ಲಿ ತೋರಿಸಿದೆ.

“ನಂಗೆ ಬಸ್ಸಿನ ಬೋರ್ಡು ಚೆನ್ನಾಗೇ ಕಾಣ್ತದಲ್ಲಮ್ಮ!”

“ಈಗ ಕಾಣ್ತದೆ ಅಣ್ಣ. ಹಿಂಗೇ ಬಿಟ್ರೆ ಮುಂದೆ ಕಾಣಲ್ಲ. ಇದು ಈ ಎರಡು ದಿನದ್ದಲ್ಲ, ವರ್ಷಗಟ್ಟಲೆ ಶುಗರ್ ಏರಿದ್ದರ ಗುರುತು. ಡಾಕ್ಟರಿಗೆ ಇವತ್ತೇ ತೋರ್ಸಿ.”

ಅವರ ನಗು ನಿಂತಿತು. ಸ್ಕ್ರೀನಿನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದರು: “ಮುಂಚೇನೇ ಹೇಳ್ಬಾರ್ದಾ ತಾಯಿ? ಈ ಫೋಟೋಗೆ ಎಷ್ಟು ದಿನ ಮಜ್ಜಿಗೆ ಕುಡೀಬೇಕಿತ್ತು?”

ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರ ಮುಖ ನೋಡಿದೆ. ಒಬ್ಬರೂ ಎರಡು ದಿನದಿಂದ ಊಟ ಮಾಡಿದ ಹಾಗೆ ಕಾಣಲಿಲ್ಲ.