ಮಾವನ ಹೊಲದ ನಂಬರು

ಸೋಮವಾರದಿಂದ ಶನಿವಾರದವರೆಗೆ ನಾನು ಬೇರೆಯವರ ಯಂತ್ರಗಳ ಆಳಾಗಿದ್ದೆ. ಮನೆ ಶಹಾಪುರದಲ್ಲಿ. ಸುರಪುರ, ಯಾದಗಿರಿಯ ಕಚೇರಿಗಳಿಗೆ ಬಸ್ಸಿನಲ್ಲಿ ಹೋಗಿ ಕೆಟ್ಟ ಕಂಪ್ಯೂಟರು, ಪ್ರಿಂಟರುಗಳನ್ನು ನೋಡುವುದು ಕೆಲಸ. ಬಹಳ ಸಲ ಕೆಟ್ಟಿದ್ದು ಏನೂ ಇರುತ್ತಿರಲಿಲ್ಲ. ಒಳಗೆ ಒಂದು ಹಿಡಿ ಧೂಳು ತುಂಬಿರುತ್ತಿತ್ತು, ಇಲ್ಲವೇ ಇಲಿ ವೈರು ಕಡಿದಿರುತ್ತಿತ್ತು. ಆದರೆ ಗುಮಾಸ್ತರು ಹೆಣದ ಮುಂದೆ ನಿಂತವರ ಹಾಗೆ ಮುಖ ಮಾಡಿಕೊಂಡು, "ನಿನ್ನಿ ತನಕ ಛಲೋ ಇತ್ರಿ, ಒಮ್ಮಿಗೇ ಬಂದ್ ಆಗ್ಯಾದ" ಎನ್ನುತ್ತಿದ್ದರು. ನಾನು ಕುಂಚದಿಂದ ಧೂಳು ಜಾಡಿಸಿ, ವೈರು ಬಿಗಿ ಮಾಡಿ, ರಂಗಂಪೇಟೆಯಲ್ಲಿ ಒಂದು ಚಹಾ ಕುಡಿದು ಬಸ್ಸು ಹತ್ತುತ್ತಿದ್ದೆ. ಬೇಜಾರಿನ ಕೆಲಸ. ಮನಸ್ಸು ಶುಕ್ರವಾರದಿಂದಲೇ ಭಾನುವಾರಕ್ಕೆ ಓಡುತ್ತಿತ್ತು.

ಭಾನುವಾರ ನನ್ನದು. ಅಂದು ಹತ್ತಿರದ ಗೋಗಿ ಎಂಬ ಊರಿಗೆ ಹೋಗುತ್ತಿದ್ದೆ. ಅಲ್ಲಿ ನನ್ನ ಅಕ್ಕನನ್ನು ಕೊಟ್ಟಿತ್ತು. ಅಕ್ಕನ ಗಂಡನನ್ನು ನಾವು ಮಾವ ಅನ್ನುತ್ತೇವೆ, ಅವನಿಗೆ ನಾನು ಅಳಿಯ. ಈ ಮಾವ ನನಗಿಂತ ಹತ್ತು ವರ್ಷ ದೊಡ್ಡವನು, ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ, ಆದರೆ ನನ್ನ ಹುಚ್ಚಿಗೆ ಸರಿಜೋಡಿ. ನಾನು ಹಳೆಯ ರೇಡಿಯೋ ಬಿಚ್ಚಿ ಕೂತರೆ ಅವನು ಎದುರಿಗೆ ಕುಕ್ಕರಗಾಲಲ್ಲಿ ಕೂತು ಸ್ಕ್ರೂಗಳನ್ನು ಒಂದೊಂದಾಗಿ ತಾಟಿನಲ್ಲಿ ಸಾಲಾಗಿ ಇಡುತ್ತಿದ್ದ. ಸಂಜೆಗೆ ಇಬ್ಬರೂ ಗಾಡಿಯ ಮೇಲೆ ಶಿರವಾಳಕ್ಕೆ ಹೋಗಿ, ಯಾರೂ ಬಾರದ ಹಳೆಯ ಗುಡಿಯೊಂದರ ಕಟ್ಟೆಯ ಮೇಲೆ ಅದೇ ರೇಡಿಯೋ ಇಟ್ಟು, ಯಾವ ಊರಿನ ಸ್ಟೇಷನ್ ಸಿಗುತ್ತದೆ ಎಂದು ಮುಳ್ಳು ತಿರುಗಿಸುತ್ತ ಕೂರುತ್ತಿದ್ದೆವು. ತೆಲುಗು ಬಂದರೂ ಮಾವ ತಲೆದೂಗಿ ಕೇಳುತ್ತಿದ್ದ. ಒಂದು ಅಕ್ಷರವೂ ಅವನಿಗೆ ತಿಳಿಯುತ್ತಿರಲಿಲ್ಲ.

ಕಾಲುವೆ ಬಂದು ಆಗ ಬಹಳ ವರ್ಷವಾಗಿತ್ತು. ಮಾವನ ಹೊಲ ಅದರ ದಂಡೆಗೇ ಇತ್ತು. ಕಾಲುವೆಗೆ ನೀರು ಬಿಟ್ಟಾಗ ಮೋಟಾರಿನಿಂದ ಎತ್ತಿ ಹಾಯಿಸುತ್ತಿದ್ದ. ತೊಂದರೆ ಕರೆಂಟಿನದು. ಅದು ಬಂದ ಸುದ್ದಿ ಊರಿಗೆ ಮುಟ್ಟಿ, ಮಾವ ಸೈಕಲ್ ತುಳಿದು ಹೊಲ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಹೋಗಿಯೇ ಬಿಟ್ಟಿರುತ್ತಿತ್ತು. "ನಿನಗ ಇಷ್ಟೆಲ್ಲ ಬರತದ, ಮನ್ಯಾಗ ಕುಂತು ಮೋಟಾರ್ ಚಾಲೂ ಮಾಡಾಕ ಏನರೆ ಮಾಡೋ ಅಳಿಯಾ" ಅಂದ ಒಂದು ದಿನ.

ಅವನು ತಮಾಷೆಗೆ ಅಂದಿದ್ದ. ನಾನು ಮೂರು ಭಾನುವಾರ ಅದರಲ್ಲೇ ಮುಳುಗಿದೆ. ಒಂದು ಹಳೆಯ ಮೊಬೈಲು ತಂದು, ಕರೆ ಬಂದಾಗ ಅದು ನಡುಗುವ ಜಾಗದಿಂದ ಎರಡು ವೈರು ಎಳೆದು, ಮೋಟಾರಿನ ಸ್ಟಾರ್ಟರಿಗೆ ಜೋಡಿಸಿದೆ. ಆ ಫೋನಿಗೆ ಕರೆ ಹೋದರೆ ಸಾಕು, ಯಾರೂ ಎತ್ತಬೇಕಿಲ್ಲ, ಮೋಟಾರು ಚಾಲೂ. ಇನ್ನೊಂದು ಕರೆ ಹೋದರೆ ಬಂದ್. ಫೋನನ್ನು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಕೂರಿಸಿ ಕಂಬಕ್ಕೆ ಕಟ್ಟಿದೆವು. ಮೊದಲ ದಿನ ಮಾವ ಮನೆಯ ಅಂಗಳದಲ್ಲಿ ನಿಂತು ಗುಂಡಿ ಒತ್ತಿದ. ನಾನು ಹೊಲದಿಂದ ಫೋನ್ ಮಾಡಿ, "ನೀರು ಬಂತ್ರಿ ಮಾವ" ಅಂದೆ. ಅವನು ಎಷ್ಟು ಜೋರಾಗಿ ನಕ್ಕ ಅಂದರೆ ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಒಂದು ವಾರ ಗೋಗಿಯಲ್ಲಿ ಅದೇ ಮಾತು. ನಾನೂ ಎದೆ ಉಬ್ಬಿಸಿಕೊಂಡು ತಿರುಗಿದೆ, ಸುಳ್ಳು ಯಾಕೆ ಹೇಳಲಿ.

ಡಬ್ಬಿಯ ಹೊರಗೆ, ಎಲ್ಲವನ್ನೂ ಒಮ್ಮೆಲೇ ಕಡಿಯುವ ಒಂದು ಸ್ವಿಚ್ಚು ಹಾಕಬೇಕಿತ್ತು. ಅದು ನನಗೆ ಗೊತ್ತಿತ್ತು. ಬರುವ ವಾರ ಹಾಕೋಣ ಅಂದುಕೊಂಡೆ. ನನ್ನಂಥವರ ಗುಣವೇ ಅದು: ಯಂತ್ರ ಓಡಿದ ಕೂಡಲೇ ಮನಸ್ಸು ಮುಂದಿನ ಯಂತ್ರಕ್ಕೆ ಹೋಗಿರುತ್ತದೆ.

ಆಗ ನಮ್ಮ ಕಡೆ ದುಡ್ಡು ಹೋಗುತ್ತದೆಂದು ಯಾರೂ ಸುಮ್ಮಸುಮ್ಮನೆ ಫೋನಿನಲ್ಲಿ ಮಾತಾಡುತ್ತಿರಲಿಲ್ಲ. ಮಿಸ್ ಕಾಲ್ ಕೊಡುತ್ತಿದ್ದರು. ಒಂದು ರಿಂಗು ಅಂದರೆ ಹೊರಟೆ, ಎರಡು ಅಂದರೆ ಮುಟ್ಟಿದೆ, ಮೂರು ಅಂದರೆ ತಿರುಗಿ ಮಾಡು, ಕೆಲಸ ಇದೆ. ನಾನು ಪ್ರತಿ ಭಾನುವಾರ ಶಹಾಪುರ ಬಿಡುವಾಗ ಮಾವನಿಗೆ ಒಂದು ರಿಂಗು ಕೊಡುತ್ತಿದ್ದೆ. ಆ ಒಂದು ರಿಂಗಿಗೆ ಅಕ್ಕ ಹಿಟ್ಟು ನಾದಿ ಒಲೆಯ ಮೇಲೆ ಹಂಚು ಇಡುತ್ತಿದ್ದಳು.

ಆ ಭಾನುವಾರ ಬೆಳಿಗ್ಗೆಯೂ ಗಾಡಿ ಚಾಲೂ ಮಾಡಿ, ಅದರ ಮೇಲೆ ಕೂತೇ ಒಂದು ರಿಂಗು ಕೊಟ್ಟು, ಫೋನನ್ನು ಅಂಗಿಯ ಕಿಸೆಗೆ ಹಾಕಿ ಹೊರಟೆ. ಬಿಸಿಲು ಇನ್ನೂ ಏರಿರಲಿಲ್ಲ. ಹಾದಿಯುದ್ದಕ್ಕೂ ಹತ್ತಿ ಒಡೆದಿತ್ತು. ನೆಟ್ಟಗೆ ಹೊಲಕ್ಕೇ ಹೋದೆ, ಮಾವ ಅಲ್ಲಿರುತ್ತಾನೆ ಎಂದು.

ಮಾವ ಇರಲಿಲ್ಲ. ಪಕ್ಕದ ಹೊಲದ ಮುದುಕನೊಬ್ಬ ಕಾಲುವೆಯ ದಂಡೆಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ. ಮೋಟಾರಿನ ಸುತ್ತ ಮಣ್ಣು ಕೆಂಪಾಗಿತ್ತು. "ನಿಮ್ಮ ಮಾವನ ಕೈ ಹೋಯ್ತಲ್ಲೋ ಯಪ್ಪಾ" ಅಂದ ಮುದುಕ. "ಆಟೋದಾಗ ಹಾಕ್ಕೊಂಡು ಹೋಗ್ಯಾರ. ಮೋಟಾರ್ ಬಂದ್ ಇತ್ತು, ನಾ ನೋಡೀನಿ. ಬಂದ್ ಇದ್ದದ್ದು ತಾನಾ ಚಾಲೂ ಆತು."

ಆದದ್ದು ಇಷ್ಟು. ಪಂಪಿನ ತಿರುಗುವ ದಂಡದ ಹತ್ತಿರ ನೀರು ಜಿನುಗುತ್ತಿತ್ತು. ಅಲ್ಲಿ ಎಣ್ಣೆಯಲ್ಲಿ ನೆನೆಸಿದ ದಾರ ತುರುಕಿ ಸೋರಿಕೆ ನಿಲ್ಲಿಸುವುದು ಎಲ್ಲ ರೈತರೂ ಮಾಡುವ ಕೆಲಸ. ಮೋಟಾರು ನಿಂತಿದೆ ಎಂಬ ಧೈರ್ಯದ ಮೇಲೆ ಮಾವ ಬಲಗೈ ಒಳಗಿಟ್ಟು ದಾರ ಸುತ್ತುತ್ತಿದ್ದ.

ನಾನು ಡಬ್ಬಿ ತೆಗೆದೆ. ಮುದುಕ ನೋಡುತ್ತಿದ್ದ, ಆದರೆ ಅವನಿಗೆ ಓದು ಬರುತ್ತಿರಲಿಲ್ಲ. ಫೋನಿನ ಪರದೆಯಲ್ಲಿ, ಮಾವನ ಹಳೆಯ ಕರೆಗಳ ಸಾಲಿನ ಮೇಲೆ, ಆ ಬೆಳಗಿನ ಒಂದು ಮಿಸ್ ಕಾಲ್ ಇತ್ತು. ನಂಬರು ನನ್ನದು.

ನನ್ನ ಫೋನು ತೆಗೆದು ನೋಡಿದೆ. ಹೆಸರುಗಳ ಸಾಲಿನಲ್ಲಿ 'ಮಾವ' ಅಂತ ಒಂದಿತ್ತು. ಅದರ ಕೆಳಗೇ 'ಮಾವ ಹೊಲ' ಅಂತ ಇನ್ನೊಂದು. ಬೆರಳು ಒಂದು ಗೆರೆ ಕೆಳಗೆ ಒತ್ತಿತ್ತು. ಅಷ್ಟೇ. ಎರಡೂ ಫೋನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಮಾವನ ನೋವು ನೆನಪಾಗಲಿಲ್ಲ. ನಾಚಿಕೆಯಿಂದಲೇ ಬರೆಯುತ್ತೇನೆ, ಯಾರಾದರೂ ನೋಡಿದರೆ ಎಂಬ ಹೆದರಿಕೆ ಮೊದಲು ಬಂತು. ಡಬ್ಬಿಯ ಫೋನಿನಿಂದ ಆ ನಂಬರನ್ನು ಅಳಿಸಿದೆ. ಆಮೇಲೆ ಗಾಡಿ ಹತ್ತಿ ಆಸ್ಪತ್ರೆಗೆ ಹೋದೆ.

ಅಲ್ಲಿಂದ ಗುಲ್ಬರ್ಗಾಕ್ಕೆ ಒಯ್ದರು. ನಡುವಿನ ಮೂರು ಬೆರಳು ಉಳಿಯಲಿಲ್ಲ. ಮಾವನ ಬಲಗೈಯಲ್ಲಿ ಈಗ ಹೆಬ್ಬೆರಳು, ಕಿರುಬೆರಳು ಎರಡೇ.

ಬಂದವರೆಲ್ಲ ನನ್ನನ್ನೇ ಕೇಳಿದರು, ಅದು ಹ್ಯಾಂಗ ತಾನಾ ಚಾಲೂ ಆತು ಎಂದು. ಯಾವುದೋ ರಾಂಗ್ ನಂಬರು ಬಂದಿರಬೇಕು ಅಂದೆ. ಯಂತ್ರ ತಿಳಿದವನು ನಾನೊಬ್ಬನೇ, ಎಲ್ಲರೂ ನಂಬಿದರು. ಮಾವ ಎಲ್ಲರಿಗಿಂತ ಮೊದಲು ನಂಬಿದ. ಅಕ್ಕನ ಮೈದುನ ಒಬ್ಬ, "ಈ ಡಬ್ಬಿ ಕಟ್ಟಿದವನ್ನ ಕೇಳ್ಬೇಕು" ಎಂದಾಗ ಮಾವ ಹಾಸಿಗೆಯಿಂದಲೇ ಅವನನ್ನು ಗದರಿಸಿದ. "ಅವನ ತಪ್ಪು ಏನೈತಿ? ನನಗ ಅನುಕೂಲ ಆಗ್ಲಿ ಅಂತ ಮಾಡ್ಯಾನ. ಅವನ ಮ್ಯಾಲ ಮಾತು ಬರಬಾರ್ದು."

ನಾನು ಭಾನುವಾರಗಳನ್ನು ತಪ್ಪಿಸಲಿಲ್ಲ. ತಪ್ಪಿಸಿದರೆ ಅನುಮಾನ ಬರುತ್ತದೆ ಎಂಬುದೂ ಒಂದು ಕಾರಣ, ನಾನು ಅಷ್ಟು ಸಣ್ಣವನು. ಮಾವ ಎಡಗೈಯಲ್ಲಿ ಉಣ್ಣುವುದನ್ನು ಕಲಿತ. ಮನೆಯಲ್ಲಿ ಸರಿ, ಆದರೆ ಮದುವೆ, ಮುಂಜಿ ಎಲ್ಲಕ್ಕೂ ಹೋಗುವುದನ್ನು ಬಿಟ್ಟ. ಎಡಗೈಯಲ್ಲಿ ಉಣ್ಣುವವನ ಪಕ್ಕ ಪಂಕ್ತಿಯಲ್ಲಿ ಜನ ಕೂತರೂ ಕಣ್ಣು ಅತ್ತ ಹೋಗುತ್ತದೆ ಅಂತ. ಬೀಗರ ಊಟಕ್ಕೆ ಕರೆಯಲು ಬಂದವರಿಗೆ, "ಹೊಟ್ಟಿ ಸರಿ ಇಲ್ರೀ" ಎಂದು ಹೇಳಿ ಕಳಿಸುತ್ತಿದ್ದ. ನಾಲ್ಕು ಮಂದಿಯ ನಡುವೆ ಕೂತು ನಗಿಸುತ್ತ ಉಣ್ಣುತ್ತಿದ್ದ ಮನುಷ್ಯ ಅವನು.

ಮತ್ತು ಪ್ರತಿ ಭಾನುವಾರ, ಊಟದ ನಡುವೆ ಎಲ್ಲೋ ಒಂದು ಕಡೆ, ಆ ಫೋನು ಮಾಡಿದವನನ್ನು ಬೈಯುತ್ತಿದ್ದ. "ಯಾವ ಊರಾಂವ ಏನೋ. ಬಟ್ಟಿಲೆ ಗುಂಡಿ ಒತ್ತಿದ, ಮರೆತ. ಅವನಿಗಿ ಗೊತ್ತೂ ಇರಂಗಿಲ್ಲ ನೋಡು. ಆರಾಮ ಉಣ್ಣಾಕತ್ತಿರ್ತಾನ ಎಲ್ಲೋ ಕುಂತು." ನಾನು ಅವನ ಎದುರಿಗೇ ಕೂತು ಪುಂಡಿಪಲ್ಯದ ಜೊತೆ ಅಕ್ಕನ ರೊಟ್ಟಿ ಮುರಿಯುತ್ತಿರುತ್ತಿದ್ದೆ.

ಹೀಗೇ ಒಂದು ವರ್ಷ ನಡೆಯಿತು. ಡಬ್ಬಿ ಕಂಬದಿಂದ ಆಗಲೇ ಇಳಿದಿತ್ತು. ಮನೆಯಲ್ಲಿ ಸೋಲ್ಡರಿಂಗ್ ಕಡ್ಡಿ ಮುಟ್ಟಲು ಮನಸ್ಸಾಗಲಿಲ್ಲ. ಶಿರವಾಳದ ಕಡೆ ಗಾಡಿ ತಿರುಗಲಿಲ್ಲ. ಕಚೇರಿಗಳಲ್ಲಿ ಕಂಪ್ಯೂಟರು ಬಿಚ್ಚುವ ಮೊದಲು ಪ್ಲಗ್ಗು ಕಿತ್ತು, ಕಿತ್ತಿದ್ದೇನೆಯೇ ಎಂದು ಮತ್ತೆ ನೋಡಿ, ಮೂರನೇ ಸಲವೂ ನೋಡುತ್ತಿದ್ದೆ. ಗುಮಾಸ್ತರು ನಗುತ್ತಿದ್ದರು.

ಕೊನೆಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಮಾವ ಹೊಲಕ್ಕೆ ಹೋಗಿದ್ದಾಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕನ ಹತ್ತಿರ ಹೋಗಿ ಎಲ್ಲ ಹೇಳಿದೆ. ಮಿಸ್ ಕಾಲ್ ನನ್ನದು ಎಂದೆ. ಅಳಿಸಿದ್ದೂ ನಾನೇ ಎಂದೆ. ಇವತ್ತು ಮಾವನಿಗೆ ಹೇಳಿ ಕಾಲು ಹಿಡಿಯುತ್ತೇನೆ ಎಂದೆ.

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು, ನೀರು ಹನಿಯುವುದು ನಿಂತ ಮೇಲೂ. ನಾನು ಹೊಡೆತಕ್ಕೆ ತಯಾರಾಗಿದ್ದೆ. ಅವಳು ಹೊಡೆಯಲಿಲ್ಲ.

"ಹೇಳಬ್ಯಾಡ" ಅಂದಳು.

"ಅಕ್ಕಾ, ನನಗ ತಡಕೊಳ್ಳಾಕ ಆಗವಲ್ದು."

"ಆಗಬೇಕು. ನೀ ಹೇಳಿದ್ರ ನಿನಗ ಹಗುರ ಆಗತದ. ಅವ್ರಿಗಿ? ಕೈ ಹೋಗ್ಯಾದ, ಮಂದಿ ಹೋಗ್ಯಾರ. ವಾರಕ್ಕೊಮ್ಮಿ ನೀ ಬರ್ತಿ ಅಂತ ಗಡ್ಡ ಬೋಳಿಸ್ಕೊಂಡು ಕುಂದರತಾರ. ಅದನ್ನೂ ಕಸ್ಕೋತೀ ಏನು?" ಬಟ್ಟೆಯನ್ನು ಜಾಡಿಸಿ ಹಗ್ಗದ ಮೇಲೆ ಹಾಕಿದಳು. ಮುಖ ಆ ಕಡೆ ಇತ್ತು. "ನಾನೂ ಇನ್ನ ಮ್ಯಾಲ ನಿನಗ ರೊಟ್ಟಿ ಹಾಕ್ಬೇಕು. ಅದರ ತ್ರಾಸು ನನಗಿರ್ಲಿ. ನಿನ್ನ ತ್ರಾಸು ನೀ ಇಟ್ಕೋ."

ಅಂದೇ ಮಧ್ಯಾಹ್ನ ಮಾವ ಹೊಲದಿಂದ ಬಂದ. ಬಹಳ ದಿನದ ಮೇಲೆ ಉಲ್ಲಾಸದಲ್ಲಿದ್ದ. ಕೈಕಾಲು ತೊಳೆದು ಊಟಕ್ಕೆ ಕೂತು ನನ್ನ ಕಡೆ ತಿರುಗಿದ.

"ಅಳಿಯಾ, ಸೈಕಲ್ ಹಿಡಿಯಾಕ ಆಗವಲ್ದು. ಮತ್ತೊಂದು ಡಬ್ಬಿ ಮಾಡಿಕೊಡು. ಈ ಸಲ ಕಂಡಕಂಡವರ ಫೋನಿಗೆಲ್ಲ ಚಾಲೂ ಆಗಬಾರ್ದು. ನಾವು ಹೇಳಿದ ನಂಬರಿಗಿ ಅಷ್ಟೇ ಆಗ್ಬೇಕು. ಆಗತದಲ್ಲ ಹಂಗ?"

ಆಗುತ್ತಿತ್ತು. ಬೇಕಾದ ಹೆಸರುಗಳಿಗೆ ಮಾತ್ರ ನಡುಗುವಂತೆ ಆ ಹಳೆಯ ಫೋನಿನಲ್ಲೇ ಹೇಳಿಡಬಹುದಿತ್ತು. ಮೊದಲ ಸಲವೇ ಹಾಗೆ ಮಾಡಿದ್ದರೂ ಆ ಭಾನುವಾರ ನಡೆದದ್ದು ನಡೆದೇ ತೀರುತ್ತಿತ್ತು, ಯಾಕೆಂದರೆ ನನ್ನ ನಂಬರನ್ನು ನಾನು ಹೊರಗೆ ಇಡುತ್ತಿರಲಿಲ್ಲ.

"ಆಗತದ್ರಿ" ಅಂದೆ. "ನಿಮ್ಮ ನಂಬರು ಒಂದೇ ಹಾಕ್ತೀನಿ."

"ಒಂದ್ಯಾಕ? ಎರಡು ಹಾಕು. ನಂದು, ನಿಂದು. ನಾ ಎಲ್ಲೆರೆ ಬಿದ್ದಿದ್ರ ಬಂದ್ ಮಾಡೋರು ಬೇಕಲ್ಲ."

"ನಂದು ಬ್ಯಾಡ್ರಿ ಮಾವ."

"ಯಾಕ ಬ್ಯಾಡ? ನಿನ್ನ ಬಿಟ್ರ ಯಾರನ್ನ ನಂಬಲಿ ನಾ?"

ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾವ ನನ್ನ ಮುಖವನ್ನೇ ನೋಡುತ್ತಿದ್ದ.

"ಹೂಂ ಅನ್ನೋ ತಮ್ಮಾ" ಅಂದಳು ಅಕ್ಕ, ತಲೆ ಎತ್ತದೆ.

ನಾನು ಹೂಂ ಅಂದೆ.